ನಿಮಗಿದು ಗೊತ್ತೆ? ಪಾಡ್‌ಕಾಸ್ಟ್‌ನ ದುಡ್ಡಿನ ಲೆಕ್ಕ

ಪಾಡ್‌ಕಾಸ್ಟ್ ಜಾಹೀರಾತಿನ ದರವನ್ನು ಸಾವಿರ ಡೌನ್‌ಲೋಡ್‌ಗೆ ಇಷ್ಟು ಎಂದು ಕಟ್ಟುತ್ತಾರೆ. ಅಮೆರಿಕದಲ್ಲಿ ಒಂದು ನಿಮಿಷದ ಜಾಹೀರಾತಿಗೆ ಇದು 20-25 ಡಾಲರ್ ಆಸುಪಾಸು. ಅಂದರೆ 500 ಮಂದಿ ಕೇಳಿದರೆ ಕೈಗೆ ಬರುವುದು 10-12 ಡಾಲರ್. ಮೈಕಿನ ಸಾಲದ ಕಂತೂ ತೀರದು! ನಿರೂಪಕರೇ ತಮ್ಮ ದನಿಯಲ್ಲಿ ಓದಿದರೆ ಬೆಲೆ ತುಸು ಹೆಚ್ಚು.

ಕೊಲೆ ಪ್ರಕರಣವೊಂದರ ಜಾಡು ಹಿಡಿದು 2014ರ ಅಕ್ಟೋಬರ್‌ನಲ್ಲಿ ಶುರುವಾದ ಅಮೆರಿಕದ ‘ಸೀರಿಯಲ್’ ಪಾಡ್‌ಕಾಸ್ಟ್‌ಗೆ ಮೇಲ್‌ಚಿಂಪ್ ಕಂಪನಿ ಪ್ರಾಯೋಜಕವಾಗಿತ್ತು. ಜಾಹೀರಾತಿನಲ್ಲಿ ಹುಡುಗಿಯೊಬ್ಬಳು ಆ ಹೆಸರನ್ನು ‘ಮೇಲ್‌ಕಿಂಪ್’ ಎಂದು ತಡವರಿಸಿದ್ದೇ ಜನರ ಬಾಯಲ್ಲಿ ನಿಂತಿತು. ಕಂಪನಿಗೆ ಲಾಭವೇ ಬಿಡಿ. ಲಕ್ಷಾಂತರ ಜನ ಕೇಳುತ್ತಿದ್ದರೂ ಎರಡನೇ ಸರಣಿಗಾಗಿ ತಂಡ ಕೇಳುಗರ ಮುಂದೆ ಕೈಯೊಡ್ಡಬೇಕಾಯಿತು. ದೇಣಿಗೆ, ಪ್ರಾಯೋಜಕರ ಹಣ ಸೇರಿ ಸುಮಾರು ಒಂದು ವಾರದಲ್ಲೇ ಬೇಕಾದಷ್ಟು ಕೂಡಿತು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ‘ಸೀರಿಯಲ್’ನ ನಿರ್ಮಾಣ ಸಂಸ್ಥೆಯನ್ನೇ ಕೊಂಡುಕೊಂಡಿತು.

ಹಳೆಯ ಸಂಚಿಕೆಗಳೂ ದುಡಿಯುತ್ತವೆ. ಈಗ ಎಷ್ಟೋ ಜಾಹೀರಾತುಗಳನ್ನು ಧ್ವನಿಮುದ್ರಣದಲ್ಲೇ ಬೆಸೆಯುವುದಿಲ್ಲ. ನೀವು ಡೌನ್‌ಲೋಡ್ ಮಾಡುವ ಹೊತ್ತಿಗೆ ಸರ್ವರ್ ಸೇರಿಸುತ್ತದೆ. ಹಾಗಾಗಿ ಐದು ವರ್ಷ ಹಿಂದಿನ ಹರಟೆಯ ನಡುವೆ ಈ ವಾರದ ಜಾಹೀರಾತು ಬರಬಹುದು. ಅದೇ ಸಂಚಿಕೆಯಲ್ಲಿ ಬೆಂಗಳೂರಿನವರಿಗೆ ಒಂದು, ದುಬೈನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಕೇಳಿಸಲೂಬಹುದು.