ತುರಿಸುವ ತಲೆ, ಹಿಂದಿನ ಬೆಂಚು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ. ಆ ದಿನಗಳಲ್ಲಿ ಮಗು ತಲೆ ಕೆರೆದುಕೊಂಡರೆ ‘ಮೆಣಸಿನಕಾಯಿ ಧೂಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾವೇರಿ, ರಾಣೆಬೆನ್ನೂರಿನ ಮನೆಗಳಲ್ಲಿ ಹೇನು ಇಲ್ಲವೇ ಹೊಟ್ಟಿನ ಮೇಲೆ ಗೂಬೆ ಕೂರಿಸುತ್ತಾರೆ. ಎಷ್ಟೋ ಸಲ ಆ ಊಹೆ ಸರಿಯೇ. ಆದರೆ ಹೇನು, ಸೀರು ಏನೂ ಕಾಣದೆ, ತಲೆಗೆ ಎರೆದ ಕೆಲವೇ ದಿನಗಳಲ್ಲಿ ಬೆಳ್ಳಗಿನ ದಪ್ಪ ಚಕ್ಕೆ ಮತ್ತೆ ಕೂತು, ಅದು ಹಣೆಯಂಚಿಗೂ ಕಿವಿಯ ಹಿಂದಕ್ಕೂ ಇಳಿದಿದ್ದರೆ ಸೋರಿಯಾಸಿಸ್ ಇರಬಹುದು.

ಇದು ಕೊಳೆಯಿಂದ ಬರುವ ರೋಗವಲ್ಲ. ಚರ್ಮದ ಕೆಳಗೆ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು 4 ವಾರ ಬೇಕು. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಹಾದಿ ತಪ್ಪಿ ಅವಸರಪಡಿಸುತ್ತದೆ. ಕೆಲವೇ ದಿನಗಳಲ್ಲಿ ಹೊಸ ಕೋಶಗಳು ಮೇಲೆ ಬಂದು, ಹಳೆಯವು ಉದುರುವ ಮೊದಲೇ ಪೇರಿಕೊಳ್ಳುತ್ತವೆ. ಇದರಲ್ಲಿ ಅಂಟುವಂಥದ್ದು ಏನೂ ಇಲ್ಲ.

ಆದರೂ ಆ ಮಗುವಿನ ಪಕ್ಕ ಕೂಡಲು ಸಹಪಾಠಿಗಳು ಹಿಂಜರಿಯುತ್ತಾರೆ. ಕೊನೆಗೆ ಅದು ಹಿಂದಿನ ಬೆಂಚಿಗೆ ಹೋಗುತ್ತದೆ. ಈ ಭಯ ಹಳೆಯದು. ಯುರೋಪಿನಲ್ಲಿ ಈ ರೋಗವನ್ನು ಬಹುಕಾಲ ಕುಷ್ಠದೊಂದಿಗೆ ಬೆರೆಸಿ ನೋಡುತ್ತಿದ್ದರು. ಎರಡೂ ಬೇರೆ ಎಂದು ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಖಚಿತಪಡಿಸಿದ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೂ ಇದು ಅಂಟುರೋಗವಲ್ಲ, ರೋಗಿಗಳ ಮೇಲಿನ ಕಳಂಕ ಹೋಗಬೇಕು ಎಂದು ನಿರ್ಣಯಿಸಿತು.

‘ಕೆರೆಯಬೇಡ’ ಎಂದು ಗದರಿಸಿದರೆ ಯಾವ ಮಗುವೂ ನಿಲ್ಲಿಸುವುದಿಲ್ಲ. ಪಾಲಕರ ಕಣ್ಣು ತಪ್ಪಿಸಿ ಕೆರೆಯುತ್ತದೆ, ಅಷ್ಟೆ. ಉಗುರು ಸಣ್ಣಗಿರಲಿ. ತುರಿಕೆ ಎದ್ದಾಗ ತಣ್ಣನೆಯ ಒದ್ದೆ ಬಟ್ಟೆ ಒತ್ತಿಹಿಡಿಯಬಹುದು. ಹೆಣ್ಣುಮಕ್ಕಳ ಜಡೆಯನ್ನು ಬಿಗಿದು ಹಾಕಬಾರದು. ತಿಳಿಬಣ್ಣದ ಅಂಗಿಯ ಮೇಲೆ ಉದುರಿದ ಚಕ್ಕೆ ಎದ್ದು ಕಾಣದು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿದರೆ ಚಕ್ಕೆ ಮೆತ್ತಗಾಗುತ್ತದೆ, ರೋಗ ಹೋಗುವುದಿಲ್ಲ. ಬೆಳಿಗ್ಗೆ ವೈದ್ಯರು ಹೇಳಿದ ಶಾಂಪೂ ಹಾಕಿ ಬೆರಳ ತುದಿಯಿಂದ ತೊಳೆಯಬೇಕು. ಹಣಿಗೆಯಿಂದ ಕಿತ್ತರೆ ಗಾಯವಾಗುತ್ತದೆ. ಗಾಯವಾದಲ್ಲೇ ಸೋರಿಯಾಸಿಸ್ ಹೊಸದಾಗಿ ಏಳಬಹುದೆಂದು ಜರ್ಮನ್ ವೈದ್ಯ ಕೋಬ್ನರ್ 1870ರ ದಶಕದಲ್ಲೇ ಗುರುತಿಸಿದ್ದ.

ಎಣ್ಣೆ ಹಚ್ಚುವ ಬ್ಯಾಡಗಿಯ ತಾಯಂದಿರು ಇನ್ನೊಂದು ಮಾತು ನೆನಪಿಡಬೇಕು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಗೆ ಅಂಟಿದ ಖಾರದ ಅಂಶ ಕ್ಯಾಪ್ಸೈಸಿನ್. ಇದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರಿನಲ್ಲಿ ತೊಳೆದ ಕೈಯಿಂದ ಎಣ್ಣೆ ಹಚ್ಚಿದರೆ ಆ ಎಣ್ಣೆಯೇ ಖಾರವನ್ನು ಮಗುವಿನ ಬಿರುಕುಬಿಟ್ಟ ಚರ್ಮಕ್ಕೆ ಒಯ್ಯುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇನೋ ನಿಜ. ಕೆರೆದು ಹುಣ್ಣಾದ ತಲೆಗೆ ಆ ಕಡಿಮೆಯೂ ಸಾಕು! ಮೊದಲು ಅಡುಗೆ ಎಣ್ಣೆ ಸವರಿ, ಆಮೇಲೆ ಸಾಬೂನಿನಿಂದ ಎರಡು ಸಲ ಕೈ ತೊಳೆಯಬೇಕು.

ಔಷಧಿ ಅಂಗಡಿಯಿಂದ ತಾವೇ ಕೇಳಿ ತರುವ ಮುಲಾಮು ಇದಕ್ಕಿಂತ ಅಪಾಯಕಾರಿ. ಕೂದಲು ಮುರಿದು ಅಲ್ಲಲ್ಲಿ ಬೋಳಾಗಿದ್ದರೆ ಅದು ಹುಳುಕಡ್ಡಿ ಇರಬಹುದು. ಅದು ಅಂಟುತ್ತದೆ, ಅದಕ್ಕೆ ವಾರಗಟ್ಟಲೆ ಹೊಟ್ಟೆಗೆ ಮಾತ್ರೆ ಬೇಕು. ಅದರ ಮೇಲೆ ಸ್ಟೀರಾಯ್ಡ್ ಮುಲಾಮು ಬಳಿದರೆ ತುರಿಕೆ ತಗ್ಗಿದಂತೆ ಕಂಡು ಶಿಲೀಂಧ್ರ ಹರಡುತ್ತದೆ. ಸೋರಿಯಾಸಿಸ್‌ಗೆ ಅದೇ ಸ್ಟೀರಾಯ್ಡನ್ನು ವೈದ್ಯರು ಅಳತೆ, ಅವಧಿ ನೋಡಿ ಕೊಡುತ್ತಾರೆ. ಹೀಗಾಗಿ ಚರ್ಮವೈದ್ಯರು ಒಮ್ಮೆ ನೋಡಲೇಬೇಕು. ಇತ್ತೀಚೆಗೆ ಮಗುವಿಗೆ ಗಂಟಲುನೋವು ಬಂದಿತ್ತೇ ಎಂಬುದನ್ನೂ ಅವರಿಗೆ ತಿಳಿಸಬೇಕು. ಗಂಟಲಿನ ಸೋಂಕು ಈ ರೋಗವನ್ನು ಕೆರಳಿಸುವುದುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಾಲಾ ತಪಾಸಣೆಯಲ್ಲಿ ಚರ್ಮರೋಗವೂ ಸೇರಿದೆ. ತಂಡ ಬಂದ ದಿನ ತಲೆಯನ್ನು ಬಟ್ಟೆಯಲ್ಲಿ ಮುಚ್ಚಿ ಕಳಿಸಬಾರದು.

ಉಳಿದದ್ದು ಮಗುವಿನ ಬಾಯಿಗೆ ಕೊಡಬೇಕಾದ ಉತ್ತರ. ‘ಇದು ಸೋರಿಯಾಸಿಸ್, ನಿನಗೆ ಅಂಟೋದಿಲ್ಲ’ ಎಂಬುದನ್ನು ಮನೆಯಲ್ಲೇ ನಾಲ್ಕು ಸಲ ಹೇಳಿಸಿದರೆ ತರಗತಿಯಲ್ಲಿ ನಾಲಿಗೆ ತಡವರಿಸದು. ತರಗತಿಯ ಶಿಕ್ಷಕರು ಆ ಬೆಂಚಿನಲ್ಲಿ ತಾವೇ ಒಂದು ಗಳಿಗೆ ಕೂತರೆ ಅರ್ಧ ಪಾಠ ಮುಗಿದಂತೆ. ಕ್ಷೌರದಂಗಡಿಗೆ ತಂದೆ ಮೊದಲೇ ಒಬ್ಬರೇ ಹೋಗಿ ವಿಷಯ ತಿಳಿಸಿ ಬರಲಿ; ಕುರ್ಚಿ ಹತ್ತಿ ಕೂತ ಹುಡುಗನ ಎದುರಿಗೆ ಆ ಮಾತು ಬೇಡ.