ಬೋರ್ಡು ಹೊಸದು, ಬೀಗ ಹಳೆಯದು
ಎಸ್‌.ಪಿ. ರಸ್ತೆಯಿಂದ ಹೊಸ ಮದರ್‌ಬೋರ್ಡು, ಪ್ರೊಸೆಸರ್ ತಂದು ಕೂರಿಸಿ, ಹಳೆಯ ಎಸ್‌ಎಸ್‌ಡಿಯನ್ನೇ ಸಿಕ್ಕಿಸಿ ಬಟನ್ ಒತ್ತಿದೆ. ವಿಂಡೋಸ್ ಬರಲಿಲ್ಲ; ನೀಲಿ ಪರದೆ 48 ಅಂಕಿಗಳ ಕೀ ಕೇಳಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದೇ ನನಗೆ ಗೊತ್ತಿರಲಿಲ್ಲ. ಅದನ್ನು ದಿನಾ ಸದ್ದಿಲ್ಲದೆ ತೆರೆಯುತ್ತಿದ್ದದ್ದು ಹಳೆಯ ಬೋರ್ಡಿನ ಟಿಪಿಎಂ. ಆ ಬೋರ್ಡನ್ನು ಆಗಲೇ ಅಂಗಡಿಗೆ ಕೊಟ್ಟು ಬಂದಿದ್ದೆ! ಬಿಚ್ಚುವ ಮುನ್ನ ಬಿಟ್‌ಲಾಕರ್ ತಡೆಹಿಡಿದಿದ್ದರೆ ಈ ಪಾಡಿರಲಿಲ್ಲ. ಪುಣ್ಯಕ್ಕೆ ರಿಕವರಿ ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿತ್ತು. ಮೊಬೈಲ್ ನೋಡಿಕೊಂಡು ಒಂದೊಂದೇ ಅಂಕಿ ಕುಟ್ಟಿದೆ.

ಆಮೇಲೆ ಆಕ್ಟಿವೇಶನ್ ತಗಾದೆ. ರ್‍ಯಾಮ್ ಬದಲಿಸಿದರೆ ವಿಂಡೋಸ್ ತಲೆಕೆಡಿಸಿಕೊಳ್ಳದು. ಬೋರ್ಡು ಬದಲಾದರೆ ಬೇರೆಯದೇ ಕಂಪ್ಯೂಟರ್ ಅನ್ನುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸು ಸಾಮಾನ್ಯವಾಗಿ ಹಳೆಯ ಬೋರ್ಡಿಗೇ ಅಂಟಿಕೊಂಡಿರುತ್ತದೆ. ನನ್ನದು ಬಿಡಿಯಾಗಿ ಕೊಂಡ ರೀಟೇಲ್, ಖಾತೆಗೂ ಜೋಡಿಸಿದ್ದೆ. ಟ್ರಬಲ್‌ಶೂಟರ್‌ನಲ್ಲಿ ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದಾಗಿ ಒಪ್ಪಿಕೊಂಡೆ; ಬಿಟ್ಟುಕೊಟ್ಟಿತು. ಇನ್ನು ವೈಫೈ ಡ್ರೈವರ್ ಇರಲಿಲ್ಲ. ಅದನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದೆ.