ಔದ್ಯೋಗಿಕ ಚಿಕಿತ್ಸೆಯ ವಿದ್ಯೆ: ಶಾಲೆಯನ್ನು ಆರಿಸುವ ಬಗೆ

ಪಾರ್ಶ್ವವಾಯುವಿನಿಂದ ಒಂದು ಕೈಯ ಬಲವನ್ನು ಕಳೆದುಕೊಂಡ ವೃದ್ಧನು ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಹೊಸದಾಗಿ ಕಲಿಯಬೇಕಾದಾಗ, ಮುಂಗೈಯ ಸ್ನಾಯುರಜ್ಜು ತುಂಡಾದ ಬಡಗಿಯು ತನ್ನ ಉಳಿಯನ್ನು ಪುನಃ ಹಿಡಿಯಬೇಕಾದಾಗ, ತರಗತಿಯ ಗದ್ದಲವನ್ನು ಸಹಿಸಲಾರದ ಮಗುವು ಇತರ ಮಕ್ಕಳ ನಡುವೆ ಕುಳಿತು ಅಕ್ಷರ ಬರೆಯಬೇಕಾದಾಗ, ಔಷಧದಿಂದಲೂ ಶಸ್ತ್ರದಿಂದಲೂ ಆಗದ ಆ ಕಾರ್ಯವನ್ನು ಕೈಗೆತ್ತಿಕೊಳ್ಳುವ ಶಾಸ್ತ್ರವೇ ಆಕ್ಯುಪೇಷನಲ್ ಥೆರಪಿ, ಎಂದರೆ ಔದ್ಯೋಗಿಕ ಚಿಕಿತ್ಸೆ. ಅಮೆರಿಕದಲ್ಲಿ ಇದು ಸಂಘಟಿತ ರೂಪವನ್ನು ಪಡೆದದ್ದು 1917ರ ಮಾರ್ಚ್ ತಿಂಗಳಲ್ಲಿ. ಸ್ವತಃ ರೋಗಪೀಡಿತನಾಗಿದ್ದ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಯ ಮನೆಯಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, ಮನೋವೈದ್ಯ ವಿಲಿಯಂ ರಶ್ ಡಂಟನ್, ಎಲೀನರ್ ಕ್ಲಾರ್ಕ್ ಸ್ಲೇಗಲ್ ಮೊದಲಾದ ಕೆಲವರು ಕೂಡಿ ಇದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಅಮೆರಿಕದಲ್ಲಿಯೇ ಹುಟ್ಟಿ, ವಿವಾಹದಿಂದ ಭಾರತೀಯರಾದ ಕಮಲಾ ನಿಂಬಕರ್ ಅವರು ಫಿಲಡೆಲ್ಫಿಯದಲ್ಲಿ ಈ ವಿದ್ಯೆಯನ್ನು ಕಲಿತು ಬಂದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಮ್ಮ ದೇಶದ ಪ್ರಥಮ ಶಾಲೆಯನ್ನು ತೆರೆದರು.

ಈಗ ಅಮೆರಿಕದಲ್ಲಿ ಈ ವೃತ್ತಿಯನ್ನು ಪ್ರವೇಶಿಸಬೇಕೆನ್ನುವವರು, ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಸೇರಿದಂತೆ, ಬೇರೊಂದು ವಿಷಯದಲ್ಲಿ ಪದವಿಯನ್ನು ಮುಗಿಸಿ, ಅಂಗರಚನಾಶಾಸ್ತ್ರ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಮುಂತಾದವುಗಳಲ್ಲಿ ಪೂರ್ವಸಿದ್ಧತೆಯನ್ನು ಪಡೆದು, ಆ ಬಳಿಕ ಸ್ನಾತಕೋತ್ತರ ಶಿಕ್ಷಣಕ್ಕೆ ಅರ್ಜಿ ಹಾಕುವುದು ವಾಡಿಕೆ. ಅಲ್ಲಿ ಅವರಿಗೆ ಎರಡು ಮಾರ್ಗಗಳು ಎದುರಾಗುತ್ತವೆ: ಸುಮಾರು ಎರಡು, ಎರಡೂವರೆ ವರ್ಷಗಳ ಮಾಸ್ಟರ್ಸ್ ಒಂದು, ಸುಮಾರು ಮೂರು ವರ್ಷಗಳ, ಓ.ಟಿ.ಡಿ. ಎಂದು ಕರೆಯುವ ವೃತ್ತಿಪರ ಡಾಕ್ಟರೇಟ್ ಇನ್ನೊಂದು. ಎರಡರಿಂದಲೂ ದೊರೆಯುವ ಅಧಿಕಾರ ಒಂದೇ. ಎನ್.ಬಿ.ಸಿ.ಒ.ಟಿ. ಎಂಬ ರಾಷ್ಟ್ರೀಯ ಮಂಡಲಿಯ ಪರೀಕ್ಷೆ ಒಂದೇ, ಸಂಸ್ಥಾನವು ಕೊಡುವ ಲೈಸೆನ್ಸ್ ಒಂದೇ, ರೋಗಿಯ ಬಳಿ ನಿರ್ವಹಿಸಬೇಕಾದ ಕರ್ತವ್ಯವೂ ಒಂದೇ. ಶಿಕ್ಷಣಕ್ಕೆ ಮಾನ್ಯತೆ ಕೊಡುವ ಎ.ಸಿ.ಒ.ಟಿ.ಇ. ಎಂಬ ಸಂಸ್ಥೆಯು 2027ರ ಹೊತ್ತಿಗೆ ಡಾಕ್ಟರೇಟ್ ಒಂದೇ ಪ್ರವೇಶದ್ವಾರವಾಗತಕ್ಕದ್ದೆಂದು 2017ರಲ್ಲಿ ವಿಧಿಸಿದ್ದುಂಟು; ಆದರೆ ವೃತ್ತಿಯೊಳಗಿನಿಂದಲೇ ತೀವ್ರವಾದ ಆಕ್ಷೇಪಗಳು ಎದ್ದು, 2019ರ ಹೊತ್ತಿಗೆ ಆ ವಿಧಿಯು ಬಿದ್ದುಹೋಗಿ, ಎರಡು ದ್ವಾರಗಳೂ ತೆರೆದೇ ಉಳಿದವು. ಈ ಸಂಗತಿಯನ್ನು ಅರಿಯದೆ, ಮಾಸ್ಟರ್ಸ್ ಪದವಿಯು ನಾಳೆ ಬೆಲೆಯಿಲ್ಲದ್ದಾದೀತೆಂಬ ಭಯದಿಂದ ದೀರ್ಘವೂ ದುಬಾರಿಯೂ ಆದ ಮಾರ್ಗವನ್ನು ಹಿಡಿಯುವವರನ್ನು ಕಂಡರೆ ನನಗೆ ಮರುಕವಾಗುತ್ತದೆ.

ಡಾಕ್ಟರೇಟ್ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದರ ಅಂತ್ಯದಲ್ಲಿ ಬರುವ, ಕ್ಯಾಪ್‌ಸ್ಟೋನ್ ಎಂದು ಹೆಸರಾದ 14 ವಾರಗಳ ವಿಶೇಷಾಭ್ಯಾಸವು ಸಂಶೋಧನೆ, ಆಡಳಿತ, ಬೋಧನೆ, ನೀತಿನಿರೂಪಣೆಗಳ ಕಡೆಗೆ ಒಲವುಳ್ಳವರಿಗೆ ನಿಜಕ್ಕೂ ಉಪಕಾರಿಯಾಗಬಲ್ಲುದು. ಆದರೆ ರೋಗಿಗಳ ನಡುವೆಯೇ ಬಾಳನ್ನು ಕಳೆಯಬೇಕೆಂಬ ಹಂಬಲವುಳ್ಳವರು ಮೊದಲು ಮಾಸ್ಟರ್ಸ್ ಪಡೆದು, ಕೆಲವು ವರ್ಷ ದುಡಿದು, ಬೇಕೆನಿಸಿದರೆ ಆಮೇಲೆ ದುಡಿಯುತ್ತಲೇ ಡಾಕ್ಟರೇಟ್ ಓದಬಹುದು. ಅಷ್ಟು ಹೊತ್ತಿಗೆ ತಮಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆಯೆಂಬುದು ಅವರಿಗೇ ತಿಳಿದಿರುತ್ತದೆ.

ಇಷ್ಟಾದರೂ ಪದವಿಯ ಹೆಸರಿಗಿಂತ ಎಷ್ಟೋ ಮಿಗಿಲಾಗಿ ವಿಚಾರಿಸಬೇಕಾದದ್ದು ಫೀಲ್ಡ್‌ವರ್ಕ್ ಎಂಬ ಕ್ಷೇತ್ರಾಭ್ಯಾಸವನ್ನು. ಅದರ ಪ್ರಥಮ ಹಂತವು ಪಾಠಗಳ ಜೊತೆಜೊತೆಗೇ ನಡೆಯುವ ಅಲ್ಪಾವಧಿಯ ವೀಕ್ಷಣೆ. ದ್ವಿತೀಯ ಹಂತವು ಪೂರ್ಣಕಾಲದ ಲೆಕ್ಕದಲ್ಲಿ ಕನಿಷ್ಠ 24 ವಾರಗಳದು. ಸಾಮಾನ್ಯವಾಗಿ 12 ವಾರಗಳಂತೆ ಎರಡು ಬೇರೆ ಬೇರೆ ಸ್ಥಳಗಳಲ್ಲಿ, ಅನುಭವಿ ಥೆರಪಿಸ್ಟರ ಮೇಲ್ವಿಚಾರಣೆಯಲ್ಲಿ ಅದು ನಡೆಯುತ್ತದೆ. ಪುಸ್ತಕದಲ್ಲಿ ಓದಿದ ನರವ್ಯೂಹವು ನಡುಗುವ ಕೈಯಾಗಿ ಎದುರಿಗೆ ಬರುವುದು, ಸ್ನಾನದ ತೊಟ್ಟಿಗೆ ಇಳಿಯಲು ಅಂಜುವ ಮುದುಕಿಯ ಸಂಕೋಚವನ್ನು ನೋಯಿಸದೆ ನಿಭಾಯಿಸುವುದನ್ನು ವಿದ್ಯಾರ್ಥಿಯು ಕಲಿಯುವುದು ಅಲ್ಲಿಯೇ. ಅಲ್ಲಿ ಒಳ್ಳೆಯ ಗುರುವು ದೊರೆತರೆ ತರಗತಿಯ ಎಷ್ಟೋ ಕೊರತೆಗಳು ತುಂಬಿಹೋಗುತ್ತವೆ, ದೊರೆಯದಿದ್ದರೆ ಪ್ರಸಿದ್ಧ ವಿಶ್ವವಿದ್ಯಾನಿಲಯದ ಹೆಸರೂ ಆ ನಷ್ಟವನ್ನು ಭರ್ತಿ ಮಾಡಲಾರದು. ಆದುದರಿಂದ ಕಳೆದ ವರ್ಷದ ವಿದ್ಯಾರ್ಥಿಗಳು ಎಲ್ಲೆಲ್ಲಿಗೆ ಹೋದರು, ಸ್ಥಳವನ್ನು ಶಾಲೆಯೇ ಹುಡುಕಿಕೊಟ್ಟಿತೇ, ಬೇರೆ ಊರಿನಲ್ಲಿ ಬಾಡಿಗೆಗೆ ಮನೆ ಹಿಡಿಯಬೇಕಾಯಿತೇ ಎಂಬುದನ್ನು ಕೇಳಿ ತಿಳಿಯಬೇಕು. ಆ ತಿಂಗಳುಗಳಲ್ಲಿ ಸಾಮಾನ್ಯವಾಗಿ ಸಂಬಳವಿಲ್ಲ, ಶುಲ್ಕವೋ ನಿಲ್ಲುವುದಿಲ್ಲ. ಮಕ್ಕಳ ಚಿಕಿತ್ಸೆ, ಕೈಯ ಚಿಕಿತ್ಸೆ, ಮಾನಸಿಕ ಆರೋಗ್ಯ ಇವುಗಳಲ್ಲಿ ತನ್ನ ಮನಸ್ಸು ಯಾವುದರ ಕಡೆಗಿದೆಯೋ ಅದರಲ್ಲಿ ಎಷ್ಟು ಸ್ಥಳಗಳುಂಟೆಂದೂ ಕೇಳಬೇಕು. ಈ ವಿದ್ಯೆಗೆ ಜನ್ಮಕೊಟ್ಟ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿಯೇ ಅಮೆರಿಕದ ಥೆರಪಿಸ್ಟರು ಇಂದು ವಿರಳವಾಗಿರುವುದು ನನ್ನ ಮಟ್ಟಿಗೆ ದುಃಖದ ವಿಷಯ. ಆ ಕಡೆಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಶಾಲೆಯನ್ನು ಕಂಡರೆ ನಾನು ಅದಕ್ಕೆ ಒಂದು ಹೆಚ್ಚಿನ ಅಂಕವನ್ನು ಕೊಟ್ಟೇನು.

ಮಾನ್ಯತೆಯ ವಿಷಯವು ಸಣ್ಣದಾಗಿ ಕಂಡರೂ ಅಲ್ಲಿ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಹೊಸ ಶಾಲೆಗಳು ಮೊದಲು ಅಭ್ಯರ್ಥಿಯ ಸ್ಥಾನದಲ್ಲಿದ್ದು, ಹಂತಹಂತವಾಗಿ ಪೂರ್ಣ ಮಾನ್ಯತೆಗೆ ಏರುತ್ತವೆ. ಮಾನ್ಯತೆ ಸಿಗದಿದ್ದರೆ ಅಲ್ಲಿ ಓದಿದವರಿಗೆ ರಾಷ್ಟ್ರೀಯ ಪರೀಕ್ಷೆಗೆ ಕೂರುವ ಅರ್ಹತೆಯೇ ಇರದು. ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣವನ್ನು ಶಾಲೆಗಳು ಬಹು ಅಭಿಮಾನದಿಂದ ಪ್ರಕಟಿಸುತ್ತವೆ. ಅದನ್ನು ಒಂದನ್ನೇ ನೋಡಬಾರದು. ಪರೀಕ್ಷೆಯವರೆಗೆ ತಲುಪಿದವರನ್ನು ಮಾತ್ರ ಆ ಸಂಖ್ಯೆಯು ಎಣಿಸುತ್ತದೆಯಾದ್ದರಿಂದ, ಸೇರಿದವರಲ್ಲಿ ಎಷ್ಟು ಮಂದಿ ವ್ಯಾಸಂಗವನ್ನು ಪೂರೈಸಿದರೆಂಬ ಇನ್ನೊಂದು ಸಂಖ್ಯೆಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ನಡುವೆ ಬಿಟ್ಟುಹೋದವರ ಕಥೆಯು ಅಲ್ಲಿದೆ.

ಹಣದ ಮಾತಿಗೆ ಬಂದರೆ, ಅಮೆರಿಕದ ಕಾರ್ಮಿಕ ಅಂಕಿ-ಅಂಶ ಇಲಾಖೆಯ ಪ್ರಕಾರ 2023ರಲ್ಲಿ ಈ ವೃತ್ತಿಯವರ ಮಧ್ಯಮ ವಾರ್ಷಿಕ ವೇತನವು 96,370 ಡಾಲರು. ಒಂದು ವರ್ಷದ ಸಂಬಳವನ್ನು ಮೀರುವಷ್ಟು ಸಾಲವನ್ನು ಹೊರಿಸುವ ಶಾಲೆಯು, ಅದೆಷ್ಟೇ ಘನವಾದದ್ದಾಗಲಿ, ಬೇಡವೆಂಬುದು ನನ್ನ ಅಭಿಮತ. ತಾವು ನೆಲೆಸಿರುವ ಸಂಸ್ಥಾನದ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಅಲ್ಲಿನ ನಿವಾಸಿಗಳಿಗೆ ಶುಲ್ಕವು ಸಾಮಾನ್ಯವಾಗಿ ಬಹಳ ಕಡಿಮೆ. ಮೊದಲು ಅದನ್ನು ನೋಡುವುದು ಲೇಸು.

ಮಣಿಪಾಲ, ವೆಲ್ಲೂರು ಮೊದಲಾದೆಡೆಗಳಲ್ಲಿ ಈಗಾಗಲೇ ಈ ವಿದ್ಯೆಯ ಪದವಿಯನ್ನು ಪಡೆದು ಅಮೆರಿಕಕ್ಕೆ ಹೋಗಬಯಸುವ ನಮ್ಮ ತರುಣ ತರುಣಿಯರ ಸ್ಥಿತಿ ಬೇರೆ. ಅವರನ್ನು ಹೆಚ್ಚಾಗಿ ಆಕರ್ಷಿಸುವ ಪದವ್ಯುತ್ತರ ಡಾಕ್ಟರೇಟುಗಳು ವೃತ್ತಿಯಲ್ಲಿ ಈಗಾಗಲೇ ಇರುವವರಿಗಾಗಿ ಏರ್ಪಟ್ಟವು. ಪ್ರವೇಶಮಟ್ಟದ ಶಿಕ್ಷಣಕ್ಕೆ ಸಲ್ಲುವ ಮಾನ್ಯತೆಯು ಅವಕ್ಕೆ ಇಲ್ಲ, ಅಂಥದೊಂದನ್ನು ಮುಗಿಸಿದ ಮಾತ್ರಕ್ಕೆ ಲೈಸೆನ್ಸ್ ದೊರೆಯುವುದೂ ಇಲ್ಲ. ಪರದೇಶದಲ್ಲಿ ಕಲಿತವರ ಶಿಕ್ಷಣವನ್ನು ಎನ್.ಬಿ.ಸಿ.ಒ.ಟಿ. ಪ್ರತ್ಯೇಕವಾಗಿ ತುಲನೆ ಮಾಡಿ ಅರ್ಹತೆಯನ್ನು ನಿರ್ಣಯಿಸುತ್ತದೆ. ತಮ್ಮ ಭಾರತೀಯ ಪದವಿಗೆ ಅಲ್ಲಿ ಎಂಥ ಸ್ಥಾನ ಸಲ್ಲುವುದೆಂಬುದನ್ನು ಆ ಮಂಡಲಿಗೂ, ತಾವು ದುಡಿಯಬೇಕೆಂದಿರುವ ಸಂಸ್ಥಾನದ ಲೈಸೆನ್ಸ್ ಅಧಿಕಾರಿಗಳಿಗೂ ಬರೆದು ಕೇಳಿ, ಲಿಖಿತ ಉತ್ತರವು ಕೈಗೆ ಬಂದ ಮೇಲೆಯೇ ಯಾವುದೇ ಶಾಲೆಗೆ ಶುಲ್ಕವನ್ನು ಕಟ್ಟತಕ್ಕದ್ದು.